ಪುಟ್ಟನಂಜಮ್ಮನ ಬಾವಿಯ ಹಗ್ಗ

ನಮ್ಮೂರಲ್ಲಿ ಬಾಡಿಗೆಗೆ ಮನೆ ನೋಡಲು ಬಂದವರು ಗಾಳಿ ಬೆಳಕು ವಿಚಾರಿಸುವುದಕ್ಕೆ ಮೊದಲು ಹಿತ್ತಲಿಗೆ ಹೋಗಿ ಬಾವಿಗೆ ಬಗ್ಗಿ ನೋಡುತ್ತಾರೆ. ನೀರು ಕೈಗೆಟಕುವಷ್ಟು ಮೇಲಿದ್ದರೆ ಆ ಮನೆಯಲ್ಲಿ ನಿದ್ದೆಯೂ ಅಷ್ಟೇ ಮೇಲೆ, ಬೆಕ್ಕು ನಡೆದರೂ ಎಚ್ಚರ. ನೀರು ಆಳದಲ್ಲಿದ್ದರೆ ನಿದ್ದೆಯೂ ಅಷ್ಟೇ ಆಳ. ಹಾಲಿನವರು, ಮೊದಲ ಬಸ್ಸಿನ ಡ್ರೈವರುಗಳು, ಇಡ್ಲಿ ಹೋಟೆಲಿನವರು ಕೆರೆಯಂಚಿನ ಬೀದಿ ಬಿಟ್ಟು ಬೇರೆಲ್ಲೂ ಮನೆ ಮಾಡುವುದಿಲ್ಲ. ದಿಬ್ಬದ ಮೇಲಿನ ಶಾಲೆಗೆ ಗಂಟೆ ಹೊಡೆಯುವುದೇ ಹೊತ್ತೇರಿದ ಮೇಲೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಕೈ ತೊಳೆಯುವ ನೆಪದಲ್ಲಿ "ನಿಮ್ಮನೇಲಿ ನೀರು ಎಷ್ಟು ಮಾರು ಕೆಳಗೈತೆ?" ಎಂದು ಕೇಳಿಯೇ ಹೋಗುತ್ತಾರೆ. ಕೆರೆಯಂಚಿನ ಹುಡುಗಿ ದಿಬ್ಬದ ಮನೆಗೆ ಸೊಸೆಯಾಗಿ ಹೋಗಿ, ಮೊದಲ ವಾರವೇ ಬಿಸಿಲು ಬೀಳುವ ತನಕ ಮಲಗಿ, ಅತ್ತೆಯ ಕೈಲಿ ಅನ್ನಿಸಿಕೊಂಡ ಕತೆ ಮನೆಗೊಂದಿದೆ.

ನಾನು ಹುಟ್ಟಿ ಬೆಳೆದದ್ದು ಕೆರೆಯಂಚಿನಲ್ಲಿ. ಚಿಕ್ಕಂದಿನಿಂದಲೂ ಮನೆಯ ಪಿಸುಮಾತೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಅಷ್ಟೆಲ್ಲ ಕೇಳಿಸಿಕೊಂಡದ್ದಕ್ಕೋ ಏನೋ, ಮಾತು ಮಾತ್ರ ಬಾಯಿಗೆ ಬರಲಿಲ್ಲ. ಭೂವಿಜ್ಞಾನದಲ್ಲಿ ಡಿಗ್ರಿ ಮುಗಿಸಿದ ವರ್ಷವೇ ಪುರಸಭೆಯ ನೀರಿನ ವಿಭಾಗದಲ್ಲಿ ಕೆಲಸ ಸಿಕ್ಕಿತು. ತಿಂಗಳಿಗೊಮ್ಮೆ ಎಲ್ಲ ಬೀದಿಗಳ ಬಾವಿ ಅಳೆಯುವುದು, ಏರಿಳಿತವನ್ನು ಆಯಾ ಮನೆಯವರಿಗೆ ತಿಳಿಸುವುದು. ಅಳೆಯುವ ಕೆಲಸ ನನಗೆ ಇಷ್ಟ. ಹಿತ್ತಾಳೆ ಗುಂಡು ಕಟ್ಟಿದ ಟೇಪನ್ನು ಬಾವಿಗೆ ಬಿಡುತ್ತ ಹೋದರೆ, ಎಲ್ಲೋ ಕೆಳಗೆ ಗುಂಡು ನೀರು ಮುಟ್ಟಿ ಗುಳಕ್ ಎನ್ನುತ್ತದೆ. ಬಾವಿ ಏನನ್ನೂ ತಿರುಗಿ ಕೇಳುವುದಿಲ್ಲ. ಕಷ್ಟವಿದ್ದದ್ದು ತಿಳಿಸುವುದರಲ್ಲಿ. ಬಾಗಿಲಲ್ಲಿ ನಿಂತು ಬಾಯಿಬಿಟ್ಟು ಹೇಳಬೇಕು, ಮನೆಯವರು "ಹೂಂ" ಅನ್ನಬೇಕು. ಚೀಟಿ ಅಂಟಿಸಿ ಬರುವ ಹಾಗಿಲ್ಲ.

"ನಿನ್ನ ದನಿ ಬಾವಿ ತಳದಲ್ಲೈತಲ್ಲಮ್ಮ ಶಶಿರೇಖಾ, ಒಂಚೂರು ಮೇಲಕ್ಕೆ ಸೇದು," ಎಂದಿದ್ದರು ಮೊದಲ ವಾರವೇ ನಮ್ಮ ಎಂಜಿನಿಯರು ಹೊನ್ನಯ್ಯನವರು. ಬೀದಿಗಳಲ್ಲಿ ನನಗೆ ಅಳತೆಮ್ಮ ಎಂದು ಹೆಸರಾಯಿತು. "ಅಳತೆಮ್ಮ ಬಂದ್ಲು ಕಣ್ರೇ, ರೇಡಿಯೋ ಆಫ್ ಮಾಡಿ, ಇಲ್ಲಾಂದ್ರೆ ಏನೂ ಕೇಳ್ಸಲ್ಲ" ಎನ್ನುವರು. ನಾನು ನೆಲ ನೋಡಿಕೊಂಡು ಅಂಕಿ ಹೇಳಿ ಬರುತ್ತಿದ್ದೆ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಬಳೆಗಾರರ ಬೀದಿಯ ನೀರು ಇಳಿಯತೊಡಗಿತು. ಬೇಸಿಗೆಯಲ್ಲಿ ಎಲ್ಲ ಬೀದಿಯಲ್ಲೂ ಒಂದಿಷ್ಟು ಇಳಿಯುವುದು ಇದ್ದದ್ದೇ. ಆದರೆ ಅದಕ್ಕಿಂತ ಮೇಲಿರುವ ದಿಬ್ಬದ ಬೀದಿಯಲ್ಲಿ ನೀರು ನಿಂತಲ್ಲೇ ನಿಂತಿತ್ತು. ಬಳೆಗಾರರ ಬೀದಿಯಲ್ಲಿ ಮಾತ್ರ, ಯಾರೋ ಕೆಳಗಿನಿಂದ ತೂತು ಕೊರೆದ ಹಾಗೆ, ಅಳೆದ ಬಾವಿಯಲ್ಲೆಲ್ಲ ನನ್ನ ಟೇಪು ಸಾಲದೆ ಬಂತು. ಬೀದಿಯವರು ತಡವಾಗಿ ಏಳುತ್ತಿದ್ದರು. ಮಕ್ಕಳು ಮುಖ ತೊಳೆಯದೆ ಶಾಲೆಗೆ ಓಡುತ್ತಿದ್ದವು. ಬೇಸಿಗೆ ಜಡ ಎಂದು ಎಲ್ಲರೂ ಸುಮ್ಮನಿದ್ದರು.

ಸುಮ್ಮನಿರದವಳು ಚಂದ್ರಿಕಾ ಒಬ್ಬಳೇ. ಬಸ್ ಡ್ರೈವರನ ಹೆಂಡತಿ, ಒಂದೂವರೆ ತಿಂಗಳ ಬಾಣಂತಿ. ಗಂಡನಿಗೆ ರಾತ್ರಿ ಪಾಳಿ, ಮನೆಯಲ್ಲಿ ಹಿರಿಯರಿಲ್ಲ. ನಾನು ಬಾಗಿಲಲ್ಲಿ ನಿಂತು ಅಂಕಿ ಹೇಳಿ ಹೊರಡುವಾಗ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡಳು.

"ಅಕ್ಕ, ಯಾರಿಗೂ ಹೇಳ್ಬೇಡಿ. ಒಂಚೂರು ಇದರ ದನಿ ಕೇಳಿ," ಎಂದು ಮಗುವಿನ ಅಂಗಾಲು ಮೆಲ್ಲಗೆ ಚಿವುಟಿದಳು.

ಮಗು ಬಾಯಿ ತೆರೆದು ಅತ್ತಿತು. ಬಂದದ್ದು ಅಳುವಲ್ಲ, ಹಳೇ ಬಾಗಿಲು ತೆರೆದಂಥ ಕಿರುಗುಟ್ಟುವ ಸದ್ದು. ಗಂಟಲು ಪೂರ್ತಿ ಕಟ್ಟಿಹೋಗಿತ್ತು.

"ರಾತ್ರಿಯೆಲ್ಲ ಅತ್ತೂ ಅತ್ತೂ ಹಿಂಗಾಗ್ಯದೆ. ನಂಗೆ ಎಚ್ಚರಾನೇ ಆಗಲ್ಲ. ಬೆಳಿಗ್ಗೆ ನೋಡಿದ್ರೆ ಬಟ್ಟೆಯೆಲ್ಲ ಒದ್ದೆ, ತುಟಿ ಒಣಗಿರ್ತದೆ. ಅದರ ಕಾಲಿಗೂ ನನ್ನ ಕಾಲಿನ ಹೆಬ್ಬೆಟ್ಟಿಗೂ ದಾರ ಕಟ್ಕೊಂಡು ಮಲಗಿದೆ, ಆಗ್ಲಿಲ್ಲ. ಈಗ ಚಿಲಕ ಹಾಕದೆ ಮಲಗ್ತೀನಿ, ಯಾರಾದ್ರೂ ಕೇಳ್ಸ್ಕೊಂಡು ಒಳಗೆ ಬರ್ಲಿ ಅಂತ. ಯಾರು ಬತ್ತಾರೆ? ಬೀದಿಗೆ ಬೀದಿಯೇ ಮಲಗಿರ್ತದೆ."

"ಸ್ವಲ್ಪ ದಿನ ಬೇರೆ ಎಲ್ಲಾದರೂ..." ಎಂದೆ.

"ಬಾಣಂತಿ, ಇನ್ನೂ ಹೊಸ್ತಿಲು ದಾಟಂಗಿಲ್ಲ. ದಾಟ್ತೀನಿ ಅಂದ್ರೆ ಯಾಕೆ ಅಂತ ಹೇಳ್ಬೇಕಲ್ಲ. ಮಗು ಅತ್ತರೆ ಏಳದ ತಾಯಿ ಅಂತಾರೆ ಅಕ್ಕ, ನೀರಿನ ಮಾತು ಯಾರೂ ಆಡಲ್ಲ."

ಕಚೇರಿಗೆ ಬಂದು ಹೊನ್ನಯ್ಯನವರಿಗೆ ಅಳತೆ ತೋರಿಸಿದೆ. ಮಗುವಿನ ವಿಷಯವನ್ನೂ, ಹೆಸರು ಹೇಳದೆ, ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಿಂದೊಮ್ಮೆ ಗಾಣದ ಬೀದಿಯ ಬಾವಿಗಳು ತಳ ಕಂಡಾಗ ಬಾಗಿಲು ಒಡೆದು ಜನರನ್ನು ಎಬ್ಬಿಸಬೇಕಾಯಿತಂತೆ. "ಎಲ್ಲರೂ ಏಳಲಿಲ್ಲ," ಎಂದಷ್ಟೇ ಹೇಳಿ, "ಐಸ್ ಫ್ಯಾಕ್ಟರಿ ಪಂಪು ನೋಡ್ಕೊಂಡು ಬಾ," ಎಂದರು.

ಐಸ್ ಫ್ಯಾಕ್ಟರಿಯ ಪಂಪು ದೀಪಾವಳಿಗೂ ಮುಂಚೆಯೇ ಸುಟ್ಟುಹೋಗಿತ್ತು. ಅದರ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು. ಒಡೆದ ಪೈಪಿಲ್ಲ, ಹೊಸ ಬೋರಿಲ್ಲ. ಮನೆಗೆ ಬಂದರೆ ನಮ್ಮಪ್ಪ ಜಗಲಿಯಲ್ಲಿ ಕೂತು ಗೊಣಗುತ್ತಿದ್ದರು. "ಅಲ್ವೇ, ಈ ಸಲ ಬೇಸಿಗೇಲೂ ನಮ್ಮ ಬಾವಿ ನೀರು ಏರ್ತಾ ಅದಲ್ಲೇ. ಜಿರಲೆ ಓಡಾಡಿದ್ರೂ ಎಚ್ಚರ ಆಯ್ತದೆ. ನಿನ್ನ ಪುರಸಭೆಯೋರಿಗೆ ಹೇಳು." ಕೆರೆಗೆ ಎಲ್ಲಿಂದಲೋ ನೀರು ಬರುತ್ತಿದೆ ಎಂದಾಯಿತು. ಮಾರನೆಯ ಬೆಳಿಗ್ಗೆ ಕೆರೆಗೆ ಬೀಳುವ ಚರಂಡಿಯನ್ನು ಹಿಡಿದು ಮೇಲಕ್ಕೆ ನಡೆದೆ. ಉಳಿದ ಬೀದಿಗಳ ಚರಂಡಿಯಲ್ಲಿ ಧೂಳು, ಒಣಗಿದ ಎಲೆ. ಬಳೆಗಾರರ ಬೀದಿಯ ಚರಂಡಿಯಲ್ಲಿ ಮಾತ್ರ ಹಸಿರು ಪಾಚಿ, ಎರಡೂ ದಡದಲ್ಲಿ ಮೊಣಕಾಲೆತ್ತರ ಕೆಸುವು. ಒದ್ದೆ ಶುರುವಾಗುತ್ತಿದ್ದದ್ದು ಚಂದ್ರಿಕಾಳ ಪಕ್ಕದ ಮನೆಯ ಸಂದಿಯಲ್ಲಿ. ಅದು ಪುಟ್ಟನಂಜಮ್ಮನವರ ಮನೆ. ಹೋದಾಗಲೆಲ್ಲ ಕದ ಹಾಕಿರುತ್ತಿದ್ದರಿಂದ ಆ ಬಾವಿಯನ್ನು ಎಷ್ಟೋ ತಿಂಗಳಿಂದ ನಾನು ಅಳೆದಿರಲಿಲ್ಲ.

ಸಂದಿಯೊಳಗಿಂದ ರಾಟೆಯ ಕಿರಕಿರ ಕೇಳುತ್ತಿತ್ತು. ಹಿತ್ತಲಲ್ಲಿ ಏಳೆಂಟು ಹೆಂಗಸರು ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ಸೇದುವುದು, ಕೊಡ ಹೊತ್ತು ಬಂದು ಚರಂಡಿಗೆ ಚೆಲ್ಲುವುದು, ಹೋಗುವುದು. ನನಗೆ ಅರ್ಥವಾಯಿತು, ಆದರೆ ನಂಬಿಕೆಯಾಗಲಿಲ್ಲ.

ನಮ್ಮೂರಲ್ಲಿ ಹಡೆದ ಮನೆಯ ಬಾವಿಗೆ ನೆರೆಯವರು ದಿನಕ್ಕೊಂದು ಕೊಡ ನೀರು ತಂದು ಸುರಿಯುತ್ತಾರೆ, ತಾಯಿಯ ನಿದ್ದೆ ತೆಳುವಾಗಿರಲಿ ಎಂದು. ಸತ್ತ ಮನೆಯಲ್ಲಿ ಅದರ ತಿರುವುಮುರುವು. ಬೀದಿಯ ಹೆಂಗಸರು ಬೆಳಿಗ್ಗೆ ಬಂದು ಒಂದೊಂದು ಕೊಡ ಸೇದಿ ಚೆಲ್ಲಿ ನೀರಿಳಿಸುತ್ತಾರೆ, ಅತ್ತು ಬಳಲಿದವರಿಗೆ ನಿದ್ದೆಯಾದರೂ ಬರಲಿ ಎಂದು. ಆ ನೀರನ್ನು ಯಾರೂ ಮನೆಗೆ ಒಯ್ಯುವುದಿಲ್ಲ, ಗಿಡಕ್ಕೂ ಹಾಕುವುದಿಲ್ಲ. ದುಃಖದವರನ್ನು ಮಾತಾಡಿಸುವುದೂ ಇಲ್ಲ. ಮನೆಯವರು ತಾವೇ ಎದ್ದು ಬಂದು ಹಗ್ಗಕ್ಕೆ ಕೈ ಹಾಕಿದ ದಿನ ನೀರಿಳಿಸುವುದು ನಿಲ್ಲುತ್ತದೆ, ಮಾತುಕತೆ ಶುರುವಾಗುತ್ತದೆ. ಬಹಳವೆಂದರೆ ಒಂದು ತಿಂಗಳು. ಪುಟ್ಟನಂಜಮ್ಮನವರ ಗಂಡ, ಸೈಕಲ್ ಶಾಪಿನ ಜವರಪ್ಪನವರು ತೀರಿಕೊಂಡದ್ದು ದೀಪಾವಳಿಯ ಆಸುಪಾಸಿನಲ್ಲಿ.

ಸಾಲಿನ ಕೊನೆಯಲ್ಲಿದ್ದ ದ್ಯಾವಮ್ಮ ಕೊಡ ಚೆಲ್ಲಿ ಹೊರಟಾಗ ಅವರ ಹಿಂದೆಯೇ ಹೋದೆ. ಬೀದಿಯಲ್ಲಿ ಯಾರ ಮನೆಯಲ್ಲಿ ಏನೇ ಆದರೂ ಮುಂದೆ ನಿಲ್ಲುವ ಹೆಂಗಸು ಅವರು.

"ಇನ್ನೂ... ನೀರಿಳಿಸ್ತಾ ಇದ್ದೀರಾ?"

"ಏನಂದೆ? ಜೋರಾಗನ್ನವ್ವ, ನಾನೇನು ನಿನ್ನ ಹೊಟ್ಟೇಲಿದೀನಾ?"

ನಾನು ಮತ್ತೆ ಕೇಳಿದೆ.

"ಇಳಿಸದೆ ಏನ್ಮಾಡದು? ಪಾಪ, ಇನ್ನೂ ಎದ್ದಿಲ್ಲ ಅವ್ಳು. ನಾವು ಬಂದಾಗ್ಲೂ ಮಲಗಿರ್ತಾಳೆ, ಹೋದಾಗ್ಲೂ ಮಲಗಿರ್ತಾಳೆ. ಮಧ್ಯಾಹ್ನದ ಗಂಟ ಕದ ತಗಿಯಲ್ಲ. ಅಷ್ಟು ದುಃಖ. ಅದ್ಕೇ ಈಚೆಗೆ ಒಬ್ಬೊಬ್ರೂ ಎರಡೆರಡು ಕೊಡ ಸೇದ್ತಾ ಇದೀವಿ."

"ನೀವು ಸೇದೋದಕ್ಕೇ ಅವರಿಗೆ ಎಚ್ಚರ ಆಗ್ತಿಲ್ಲ, ಅಮ್ಮ. ಬೀದಿಗೆಲ್ಲ ಒಂದೇ ಸೆಲೆ. ನಿಮ್ಮ ಬಾವೀನೂ ಇಳಿದಿದೆ. ಎಲ್ಲರ ಬಾವೀನೂ."

ದ್ಯಾವಮ್ಮ ಕೊಡವನ್ನು ಸೊಂಟದಿಂದ ಕೆಳಗಿಳಿಸಿದರು. "ಅದ್ಕೇ ಏನು, ನಮ್ಮ ಯಜಮಾನ್ರು ಕೂತ ಕಡೆ ಗೊರಕೆ ಹೊಡಿಯೋದು?" ಎಂದರು. "ಆಯ್ತು ಕಣವ್ವ, ನೀನು ಹೇಳೋದು ಸರೀನೇ ಇರ್ಬೋದು. ಆದ್ರೆ ಮೊದ್ಲು ನಿಲ್ಸೋರು ಯಾರು? ನಾನು ನಿಲ್ಸಿದ್ರೆ, 'ಅತ್ತಿದ್ದು ಸಾಕು, ಏಳೇ' ಅಂದಂಗೆ. ನಂಗೆ ಬಾಯಿ ಜೋರು ಅಂತ ಹೆಸರು ಐತೆ, ಮನಸ್ಸಿಲ್ಲ ಅನ್ನೋ ಹೆಸರು ಬ್ಯಾಡ. ಅವ್ಳು ಹಗ್ಗ ಹಿಡೀಲಿ, ನಾಳೆಯಿಂದ್ಲೇ ಬಿಡ್ತೀವಿ."

ಉಳಿದ ಮನೆಗಳಲ್ಲೂ ಇದೇ ಮಾತು. "ನಸೀಮಾಬೀ ನಿಲ್ಸಿದ್ರೆ ನಾನೂ ನಿಲ್ಸ್ತೀನಿ" ಎಂದು ಒಬ್ಬರು, "ದ್ಯಾವಮ್ಮ ನಿಲ್ಸ್ಲಿ ಮೊದ್ಲು" ಎಂದು ನಸೀಮಾಬೀ. ಹಡೆದ ಚಂದ್ರಿಕಾಳ ಬಾವಿಗೂ ಇವರೇ ತಮ್ಮ ತಮ್ಮ ಬಾವಿಯಿಂದ ನೀರು ತಂದು ಸುರಿಯುತ್ತಿದ್ದರು. ಈ ಕಡೆ ಹಾಕುವುದು, ಆ ಕಡೆ ತೆಗೆಯುವುದು, ಬಿಡುವೇ ಇಲ್ಲ ಎಂದು ಸುಸ್ತಾಗಿದ್ದರು.

ಹೊನ್ನಯ್ಯನವರು ಕೇಳಿ ತಲೆ ಚಚ್ಚಿಕೊಂಡರು. "ನಾನು ಹೋಗಿ ಹೇಳಿದ್ರೆ ಸರ್ಕಾರ ಬಂದು ಅಳು ನಿಲ್ಸು ಅಂದಂಗಾಯ್ತದಮ್ಮ. ಪುಟ್ಟನಂಜಮ್ಮನಿಗೆ ನೀನೇ ಹೇಳ್ಬೇಕು." ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡು, ಹೊತ್ತು ಇಳಿಯುವಾಗ ಅವರ ಬಾಗಿಲು ತಟ್ಟಿದೆ.

ಬಾಗಿಲು ತೆರೆದವರಿಗೆ ಆಗಷ್ಟೇ ಎಚ್ಚರವಾದಂತಿತ್ತು. ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು. "ಯಾರವ್ವ? ಅಳತೆ ಹುಡುಗೀನಾ? ಬಾ. ಯಾರೋ ಒಬ್ರು ಕದ ತಟ್ಟಿದ್ರಲ್ಲ, ಸದ್ಯ," ಎಂದರು.

ನಾನು ಬಾಯಿಪಾಠವೆಲ್ಲ ಮರೆತು, "ಬೀದಿಯವರು ನೀರಿಳಿಸೋದು ನಿಲ್ಲಿಸಬೇಕಮ್ಮ," ಎಂದುಬಿಟ್ಟೆ.

ಅವರು ನಕ್ಕರು, ಚೆನ್ನಾದ ನಗುವಲ್ಲ. "ನಿಲ್ಸೋಕೆ ಬರೋರು ಯಾರು? ಮಣ್ಣಾದ್ಮೇಲೆ ಒಂದು ಹತ್ತು ಹನ್ನೆರಡು ದಿನ ಬಂದ್ರು, ರಾಟೆ ಸದ್ದು ಕೇಳ್ತಿತ್ತು. ಆಮ್ಯಾಲೆ ನಿಂತೋಯ್ತು. ನಾನು ಹಗ್ಗ ಹಿಡಿಯೋ ಗಂಟ ಕಾಯದೇನೇ ಬಿಟ್ಬುಟ್ರು. ಜವರಪ್ಪನ ಹೆಂಡ್ತಿಗೆ ಇಷ್ಟೇ ಸಾಕು ಅಂತ ಆಯ್ತು ಅವ್ರಿಗೆಲ್ಲ. ನಾನೂ ಯಾರ ಮನೆ ಕಡೆಗೂ ತಿರುಗಿ ನೋಡ್ಲಿಲ್ಲ."

"ಇವತ್ತು ಬೆಳಿಗ್ಗೆಯೂ ಬಂದಿದ್ದರು."

"ಸುಳ್ಳು ಹೇಳ್ಬ್ಯಾಡ. ಸಣ್ಣೋಳು ನೀನು."

ವಾದ ಮಾಡುವುದು ನನಗೆ ಯಾವತ್ತೂ ಬಂದಿಲ್ಲ. "ಹಿತ್ತಲಿಗೆ ಬನ್ನಿ," ಎಂದೆ. ಗಂಡ ಹೋದ ಮೇಲೆ ಅವರು ಬಾವಿಯ ಬಳಿಗೇ ಹೋಗಿರಲಿಲ್ಲ. ಒಬ್ಬರಿಗೆ ಬೀದಿ ನಲ್ಲಿಯ ನೀರೇ ಸಾಕಾಗುತ್ತಿತ್ತು. ಬಾವಿಕಟ್ಟೆಯ ಸುತ್ತ ನೆಲ ಇನ್ನೂ ಒದ್ದೆಯಾಗಿತ್ತು. ಕಂಬಕ್ಕೆ ಸುತ್ತಿಟ್ಟ ಹಗ್ಗವನ್ನು ಬಿಡಿಸಿ ಅವರ ಮುಂದೆ ಹಾಸಿದೆ. ಜವರಪ್ಪನವರ ಹಗ್ಗ ಎಲ್ಲೋ ಮೊದಲಿಗೇ ಮುಗಿದಿತ್ತು. ನೀರು ಕೆಳಗೆ ಹೋದ ಹಾಗೆಲ್ಲ ಒಬ್ಬೊಬ್ಬರು ತಮ್ಮ ಮನೆಯ ಹಗ್ಗ ತಂದು ಗಂಟು ಹಾಕಿದ್ದರು.

ಪುಟ್ಟನಂಜಮ್ಮ ಕುಕ್ಕರಗಾಲಲ್ಲಿ ಕೂತು ಗಂಟು ಗಂಟನ್ನೂ ಮುಟ್ಟಿ ನೋಡಿದರು. "ಈ ತೆಂಗಿನ ನಾರಿನದು ದ್ಯಾವಿದು. ಅವ್ಳ ಎಮ್ಮೆ ಕಟ್ಟೋ ಹಗ್ಗ, ವಾಸ್ನೆ ನೋಡು. ಈ ನೀಲಿ ನೈಲಾನು ನಸೀಮಾದು, ಬಟ್ಟೆ ಒಣಗಾಕೋದು. ಇದು... ಇದು ತೊಟ್ಟಿಲ ಹಗ್ಗ ಅಲ್ವಾ?" ಸೆರಗಿನಿಂದ ಮೂಗು ಒರೆಸಿಕೊಂಡರು. "ದಿನಾಲೂನಾ?"

"ದಿನಾಲೂ."

ಹಗ್ಗವನ್ನು ಕೈಯಲ್ಲಿ ಹಿಡಿದೇ, ತಲೆಯೆತ್ತದೆ ಹೇಳಿದರು: "ಸೇದ್ಕಳ್ಳಿ ಬಿಡವ್ವ. ನಿಲ್ಸೋಕೆ ಹೇಳ್ಬ್ಯಾಡ. ಈ ನಿದ್ದೇಲಿ ಏನೂ ಇಲ್ಲ, ಕಲ್ಲು ಬಿದ್ದಂಗೆ. ನಂಗೆ ಅದೇ ಬೇಕು."

"ಪಕ್ಕದ ಮನೆ ಮಗು ರಾತ್ರಿಯೆಲ್ಲ ಅಳ್ತದೆ. ತಾಯಿಗೆ ಎಚ್ಚರ ಆಗ್ತಿಲ್ಲ." ಯಾರಿಗೂ ಹೇಳಬೇಡಿ ಎಂದು ಚಂದ್ರಿಕಾ ಅಂದದ್ದು ನೆನಪಿತ್ತು. ನೆನಪಿದ್ದೂ ಹೇಳಿದೆ.

"ಮಗೂನಾ? ಯಾವ ಮಗು? ಚಂದ್ರಿಕಂಗೆ ಆಯ್ತಾ?" ಅವರು ಎದ್ದು ನಿಂತರು. "ಸಂಜೆ ಹೊತ್ತು ಕಿರ್ ಕಿರ್ ಅಂತ ಸದ್ದು ಬರೋದು. ಗೋಡೆ ಹಿಂದೆ ಬೆಕ್ಕು ಮರಿ ಹಾಕ್ಯದೆ ಅನ್ಕಂಡಿದ್ದೆ."

"ಅದು ಬೆಕ್ಕಲ್ಲ ಅಮ್ಮ."

ಬೆಳಿಗ್ಗೆ ಹೆಂಗಸರು ಬರುವ ಹೊತ್ತಿಗೆ ಎದ್ದು ಹಗ್ಗ ಹಿಡಿಯಬೇಕು. ಆ ಮನೆಯಲ್ಲಿ ಮಲಗಿದರೆ ಎದ್ದಂತೆಯೇ. ನನ್ನ ಜೀವಮಾನದಲ್ಲಿ ಯಾರನ್ನೂ ನಾನಾಗಿ ಮನೆಗೆ ಕರೆದದ್ದಿಲ್ಲ. "ಇವತ್ತೊಂದಿನ ನಮ್ಮನೆಗೆ ಬನ್ನಿ. ನಮ್ಮಲ್ಲಿ ನೀರು ಮೇಲಿದೆ," ಎಂದೆ. ಅವರು ಒಪ್ಪಿದ್ದು ಕಂಡು ನನಗೇ ಗಾಬರಿಯಾಯಿತು. ಅಮ್ಮ ಮುದ್ದೆ, ಬಸ್ಸಾರು ಮಾಡಿ ಬಡಿಸಿದರು. ಅಪ್ಪ ನೀರು ಏರಿದ ದೂರನ್ನು ಮೊದಲಿಂದ ಹೇಳಿದರು. ಅದು ತಮ್ಮ ಬಾವಿಯದೇ ನೀರೆಂದು ದಾರಿಯಲ್ಲಿ ನನ್ನಿಂದ ಕೇಳಿದ್ದ ಪುಟ್ಟನಂಜಮ್ಮ ತಲೆ ತಗ್ಗಿಸಿ ಉಂಡರು.

ಬೆಳಕು ಹರಿಯುವ ಮುಂಚೆ ನಾನೆದ್ದಾಗ ಅವರು ಆಗಲೇ ಜಗಲಿಯಲ್ಲಿ ಕೂತಿದ್ದರು.

"ನಿದ್ದೆ ಬರಲಿಲ್ವಾ?"

"ಬಂತು. ಅದರ ಒಳಗೆ ನಮ್ಮನೆಯವ್ರೂ ಬಂದ್ರು. ಕೆಮ್ಮಿದ್ರು. ಇಷ್ಟು ದಿನ ಅಲ್ಲಿ ಒಂದು ಸಲಾನೂ ಬಂದಿರ್ಲಿಲ್ಲ. ನೀರು ಕೊಡಾಣ ಅಂತ ಎದ್ದೆ, ಚೊಂಬು ಹುಡುಕಿದೆ. ನೋಡಿದ್ರೆ ನಿಮ್ಮನೆ." ಕೆರೆಯ ಕಡೆ ನೋಡಿದರು. "ಹಗ್ಗ ಹಿಡಿದ್ರೆ ದಿನಾ ಹಿಂಗೇನಾ ಮಗ?"

ಇಲ್ಲ ಎನ್ನಬಹುದಿತ್ತು. ಅಂದಿದ್ದರೆ ಅವರು ಸುಲಭವಾಗಿ ಎದ್ದು ಬರುತ್ತಿದ್ದರು. "ನೀರು ಏರಿದರೆ... ಹೌದು," ಎಂದೆ.

ಹೊತ್ತೇರಿ ಬೀದಿಯವರು ಏಳುವ ಹೊತ್ತಾದಾಗ ಅವರು ಚಪ್ಪಲಿ ಮೆಟ್ಟಿದರು. ಬಳೆಗಾರರ ಬೀದಿ ಸೇರುವ ತನಕವೂ ಅವರು ಏನು ಮಾಡುತ್ತಾರೆಂದು ನನಗೆ ತಿಳಿಯಲಿಲ್ಲ. ಸಂದಿಯಲ್ಲಿ ರಾಟೆ ಆಗಲೇ ಕಿರುಗುಟ್ಟುತ್ತಿತ್ತು. ದ್ಯಾವಮ್ಮ ಹಗ್ಗ ಎಳೆಯುತ್ತಿದ್ದವರು, ಒಳಗೆ ಮಲಗಿರಬೇಕಾದ ಹೆಂಗಸು ಬೀದಿಯ ಕಡೆಯಿಂದ ಬರುವುದನ್ನು ಕಂಡು ಕೈ ನಿಲ್ಲಿಸಿದರು.

ರಾಟೆ ನಿಂತಿತು. ಆಗ ಕೇಳಿಸಿತು. ಪಕ್ಕದ ಮನೆಯಿಂದ, ಹಳೇ ಬಾಗಿಲಿನಂಥ ಆ ಕಿರುಗುಟ್ಟುವ ಅಳು. ಇಷ್ಟು ದಿನ ಅದು ರಾಟೆಯ ಸದ್ದಿನೊಳಗೇ ಸೇರಿಹೋಗಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ಎದ್ಯಾ ಪುಟ್ಟನಂಜಿ?" ಎಂದರು ದ್ಯಾವಮ್ಮ, ಅವರ ಬಾಯಿಗೆ ಒಗ್ಗದ ಸಣ್ಣ ದನಿಯಲ್ಲಿ.

"ಎದ್ದೆ ಕಣೇ. ತತ್ತಾ ಇಲ್ಲಿ." ಪುಟ್ಟನಂಜಮ್ಮ ಹಗ್ಗಕ್ಕೆ ಕೈ ಹಾಕಿದರು. ನೀಲಿ ನೈಲಾನು, ತೊಟ್ಟಿಲ ಹಗ್ಗ, ಎಮ್ಮೆ ಹಗ್ಗ, ಕೊನೆಗೆ ಜವರಪ್ಪನವರ ಹಗ್ಗ, ಎಲ್ಲ ಅವರ ಕೈಯಿಂದ ಮೇಲೆ ಬಂದವು. ತುಂಬಿದ ಕೊಡವನ್ನು ಚರಂಡಿಗೆ ಚೆಲ್ಲಲಿಲ್ಲ. ಸೊಂಟಕ್ಕಿಟ್ಟುಕೊಂಡು ಚಂದ್ರಿಕಾಳ ಮನೆಗೆ ನಡೆದರು. ಚಿಲಕ ಹಾಕಿರಲಿಲ್ಲ. ನಾವು ಒಳಗೆ ಹೋಗುವ ಹೊತ್ತಿಗೆ ಬೊಗಸೆಗಟ್ಟಲೆ ನೀರು ಅವಳ ಮುಖಕ್ಕೆ ಎರಚುತ್ತಿದ್ದರು. ಹಾಸಿಗೆ, ದಿಂಬು, ಅವಳ ಕಾಲಿನ ದಾರ ಎಲ್ಲ ನೆನೆದುಹೋಯಿತು. ಆರನೆಯದಕ್ಕೋ ಏಳನೆಯದಕ್ಕೋ ಚಂದ್ರಿಕಾ ಉಸಿರೆಳೆದುಕೊಂಡು ಕಣ್ಣು ಬಿಟ್ಟಳು. ಬಾಗಿಲ ತುಂಬ ಬೀದಿಯ ಹೆಂಗಸರು ನಿಂತಿದ್ದನ್ನು ಕಂಡು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಮುಖ ಯಾಕೆ ಮುಚ್ಕತೀಯ? ಮುಚ್ಕಬೇಕಾದೋರು ನಾವು," ಎಂದರು ದ್ಯಾವಮ್ಮ. "ಮೊದ್ಲು ಹಾಲು ಕೊಡು ಅದಕ್ಕೆ."

ಯಾರಿಗೂ ಹೇಳಬೇಡಿ ಎಂದಿದ್ದೆನಲ್ಲ ಎಂಬಂತೆ ಚಂದ್ರಿಕಾ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

ಅಂದಿನಿಂದ ಆ ಬಾವಿಯಿಂದ ಯಾರೂ ಚೆಲ್ಲಲು ಸೇದಲಿಲ್ಲ. ನೀರು ಒಂದೇ ಸಲಕ್ಕೆ ಏರುವುದಿಲ್ಲ. ಅದು ಏರುವ ತನಕ ನಮ್ಮ ಬೀದಿಯ ಹಾಲಿನವನು ಹಾಲು ಕರೆಯಲು ಹೋಗುವಾಗೊಮ್ಮೆ, ಬರುವಾಗೊಮ್ಮೆ ಚಂದ್ರಿಕಾಳ ಮನೆಗೆ ನುಗ್ಗಿ ತಟ್ಟೆ ಬಡಿಯುವುದೆಂದು ಹೊನ್ನಯ್ಯನವರು ಗೊತ್ತುಮಾಡಿದರು. ಮುಂದಿನ ತಿಂಗಳು ಅಳೆಯಲು ಹೋದಾಗ ನನ್ನ ಟೇಪು ಸಾಕಾಗಿ, ಕೈಯಲ್ಲಿ ಇನ್ನೂ ಉಳಿಯಿತು. ಮಕ್ಕಳು ಮುಖ ತೊಳೆದು ಶಾಲೆಗೆ ಹೋಗುತ್ತಿದ್ದವು. ದ್ಯಾವಮ್ಮನ ಯಜಮಾನರು ಸೊಳ್ಳೆಯ ಮೇಲೆ ದೂರು ಹೇಳಿದರು. ಚಂದ್ರಿಕಾಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. "ರಾತ್ರಿಯೆಲ್ಲ ಎಬ್ಬಿಸ್ತದೆ ಅಕ್ಕ, ನಿದ್ದೇನೇ ಇಲ್ಲ," ಎಂದು ಆಕಳಿಸಿ, ನಕ್ಕಳು. ಮಗು ಮನೆಯಲ್ಲಿರಲಿಲ್ಲ.

ಪಕ್ಕದ ಮನೆಯ ಬಾಗಿಲು ತೆರೆದೇ ಇತ್ತು. ಪುಟ್ಟನಂಜಮ್ಮ ಗೋಡೆಗೊರಗಿ, ಚಾಚಿದ ಕಾಲ ಮೇಲೆ ಮಗುವನ್ನು ಹಾಕಿಕೊಂಡು ತೂಗುತ್ತಿದ್ದರು. ಅವರ ಕಣ್ಣೂ ಕೆಂಪಾಗಿತ್ತು.

"ಕೆಮ್ಮು ಕೇಳುತ್ತಾ ಅಮ್ಮ?" ಎಂದೆ.

"ಕೇಳ್ತದೆ. ಅವ್ರು ಕೆಮ್ಮೋ ಹೊತ್ತಿಗೆ ಸರಿಯಾಗಿ ಗೋಡೆ ಆಚೆ ಇದು ಅಳ್ತದೆ. ಒಬ್ರಿಗಾದ್ರೂ ಎದ್ದು ಹೋಗಿ ಏನಾದ್ರೂ ಮಾಡ್ಬೋದಲ್ಲ."

ನನ್ನ ಕೆಲಸ ಬಾಕಿ ಇತ್ತು. ಹೊಸ್ತಿಲಾಚೆ ನೆಟ್ಟಗೆ ನಿಂತು, ಗಂಟಲು ಸರಿಮಾಡಿಕೊಂಡು, ಹೊನ್ನಯ್ಯನವರು ಹೇಳಿಕೊಟ್ಟ ಹಾಗೆ ದನಿಯನ್ನು ಮೇಲಕ್ಕೆ ಸೇದಿ, ಎದುರು ಮನೆಗೂ ಕೇಳುವಂತೆ ಹೇಳಿದೆ: "ಪುಟ್ಟನಂಜಮ್ಮನವರೇ, ನಿಮ್ಮ ಬಾವಿ ನೀರು ಎರಡು ಮಾರು ಮೇಲೆ ಬಂದಿದೆ!"

ಅವರು ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ ಕಣವ್ವ," ಎಂದರು. "ಈಗ್ತಾನೆ ಮಲಗ್ಯದೆ."